ಹಾರ್ನು ಯಾವ ಕಡೆಗೆ ತಿರುಗಿಸಲಿ

ಮೈಕ್ ಸೆಟ್ ಇಟ್ಟುಕೊಂಡು ಹೊಟ್ಟೆ ಹೊರೆಯುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಮದುವೆ ಮನೆಯಲ್ಲಿ ಆದದ್ದನ್ನು ನಾಲ್ಕು ಜನರ ಮುಂದೆ ಹೇಳಿ ಅಂದೇ ನಕ್ಕುಬಿಡಬಹುದು. ರಾಜಕೀಯದವರ ಸಭೆಯಲ್ಲಿ ಆದದ್ದಕ್ಕೆ ನಗಲು ನನಗೆ ಬಹಳ ವರ್ಷ ಹಿಡಿಯಿತು. ಈಗಲೂ ನಗು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ.

ನನ್ನ ಅಂಗಡಿ ಉರಿಗಾಂನಲ್ಲಿ, ಚಿನ್ನದ ಗಣಿ ಕೆಲಸಗಾರರ ಲೈನ್ ಮನೆಗಳ ಪಕ್ಕದಲ್ಲಿತ್ತು. ಅಂಗಡಿ ಎಂದರೆ ಒಂದು ಆಂಪ್ಲಿಫೈಯರ್, ಎರಡು ದೊಡ್ಡ ಹಾರ್ನು, ಕಾರಿನ ಬ್ಯಾಟರಿ, ಬಿದಿರು ಗಳ, ಒಂದಿಷ್ಟು ವೈರು. ಐವತ್ತರ ದಶಕದಿಂದ ಎಪ್ಪತ್ತರ ಆರಂಭದವರೆಗೆ ಉರಿಗಾಂನಿಂದ ಬಂಗಾರಪೇಟೆಯ ತನಕ ಯಾವ ಪಕ್ಷದವರು ಯಾವ ದೇಶವನ್ನು ಬೈಯಬೇಕಾದರೂ ನನ್ನ ಹಾರ್ನಿನಲ್ಲೇ ಬೈಯಬೇಕಿತ್ತು. ಹಾಗಾಗಿ ಪೇಪರು ಓದದೆಯೇ ನನಗೆ ವಿದೇಶಾಂಗ ನೀತಿ ಗೊತ್ತಾಗುತ್ತಿತ್ತು.

ಎಲ್ಲ ಪಕ್ಷದ ಎಲ್ಲ ಸಭೆಗೂ ತಪ್ಪದೆ ಬರುತ್ತಿದ್ದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬಳು ಬೇಯಿಸಿದ ಕಡ್ಲೆಕಾಯಿ ಮಾರುವ ಮುದುಕಿ. ಊರಿಗೆಲ್ಲ ಅವಳು ಕಡ್ಲೆಕಾಯಿ ಅವ್ವ. ಅವಳ ಗಂಡ ಗಣಿಯ ದೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತಿದ್ದ. ಇದ್ದ ಒಬ್ಬಳೇ ಮಗಳನ್ನು ಗಂಡನ ಅಕ್ಕನ ಮಗನಿಗೆ ಕೊಟ್ಟಿದ್ದಳು. ಆ ಮನೆಯವರು ಸಿಲೋನಿನ ಟೀ ತೋಟಕ್ಕೆ ಕೂಲಿಗೆ ಹೋದವರು. ಮಗಳೂ ಗಂಡನ ಹಿಂದೆ ಹಡಗು ಹತ್ತಿದಳು. ಹತ್ತುವಾಗ ಯಾರೂ ಏನೂ ಕೇಳಲಿಲ್ಲ. ಆಮೇಲೆ ಅಲ್ಲಿಯ ಸರ್ಕಾರ, ನೀವು ನಮ್ಮವರಲ್ಲ ಅಂದಿತು. ಇಲ್ಲಿಯ ಸರ್ಕಾರ, ಹೋದವರು ಹೋದಿರಿ, ನೀವು ಅಲ್ಲಿಯವರೇ ಅಂದಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗೆ.

ಅವ್ವನಿಗೆ ಬೇಕಾಗಿದ್ದದ್ದು ಒಂದೇ. ಕಣ್ಣು ಮುಚ್ಚುವುದರೊಳಗೆ ಮಗಳು ಅಳಿಯ ಉರಿಗಾಂನ ಮನೆಗೆ ಬಂದು ಸೇರಬೇಕು. ಯಾವ ಭಾಷಣ ಮುಗಿದರೂ ಅವಳು ಬುಟ್ಟಿ ಸೊಂಟಕ್ಕೇರಿಸಿ ವೇದಿಕೆಯ ಮೆಟ್ಟಿಲ ಹತ್ತಿರ ನಿಂತು, ಇಳಿದು ಬರುವವರನ್ನು ಅದೊಂದೇ ಕೇಳುತ್ತಿದ್ದಳು.

"ನನ್ ಮಗಳು ಯಾವಾಗ ಬತ್ತಾಳೆ ಸಾಮಿ?"

ಬೆನ್ನು ಮಾಡಿದ ಹಾರ್ನು

ಈಜಿಪ್ಟಿನ ಕಾಲುವೆಗೋಸ್ಕರ ಬಿಳಿಯರು ಯುದ್ಧಕ್ಕೆ ಹೋಗಿದ್ದ ಕಾಲ. ನಮ್ಮ ಕಡೆ ಒಬ್ಬರು ಲೀಡರಿದ್ದರು. ಬಂಗಾರಪೇಟೆಯಲ್ಲಿ ಹುಣಸೆಹಣ್ಣಿನ ಮಂಡಿ. ಎಂದೂ ಗೆದ್ದವರಲ್ಲ, ಆದರೆ ಗೆಲ್ಲಬೇಕೆನ್ನುವವರೆಲ್ಲ ಅವರ ಮಂಡಿಗೆ ಬಂದು ಕೂರಬೇಕಿತ್ತು. ಅವರು ಉರಿಗಾಂನಲ್ಲಿ ಬಿಳಿಯರ ವಿರುದ್ಧ ದೊಡ್ಡ ಸಭೆ ಇಟ್ಟುಕೊಂಡರು.

ನಾನು ಗಳ ನೆಟ್ಟು, "ಹಾರ್ನು ಯಾವ ಕಡೆಗೆ ತಿರುಗಿಸಲಿ ಸಾರ್?" ಅಂತ ಕೇಳಿದೆ.

"ಒಂದು ಲೈನ್ ಮನೆಗಳ ಕಡೆ."

"ಇನ್ನೊಂದು?"

"ಅದೂ ಲೈನ್ ಮನೆಗಳ ಕಡೆ."

ಹಿಂದುಗಡೆ ದಿಬ್ಬದ ಮೇಲೆ ಬಿಳಿ ಅಧಿಕಾರಿಗಳ ಕ್ಲಬ್ಬಿತ್ತು. ಗಣಿಯಲ್ಲಿ ಆಗಿನ್ನೂ ಅವರಿದ್ದರು. ನಾನು ಆ ಕಡೆ ನೋಡಿದ್ದನ್ನು ಲೀಡರು ಕಂಡು, "ಅಲ್ಲಿಗೆ ಕೇಳಿಸಬಾರದಪ್ಪ. ನನ್ನ ಅಳಿಯನ ಕೆಲಸದ ಮಾತು ಅಲ್ಲಿಯ ದೊರೆಯ ಹತ್ತಿರ ನಡೀತಿದೆ" ಅಂದರು.

ಭಾಷಣ ಶುರುವಾಯಿತು. ಬಿಳಿಯರು ಏಷ್ಯಾ ಬಿಟ್ಟು, ಆಫ್ರಿಕಾ ಬಿಟ್ಟು ತೊಲಗಬೇಕು ಅಂತ ಲೀಡರು ಮುಷ್ಟಿ ಎತ್ತಿದರು. ಅಷ್ಟರಲ್ಲಿ ಗಾಳಿ ಎದ್ದಿತು. ನಾನು ಕಟ್ಟಿದ ಹಗ್ಗ ಸಡಿಲವಾಗಿ ಒಂದು ಹಾರ್ನು ಮೆಲ್ಲಗೆ ಕ್ಲಬ್ಬಿನ ಕಡೆಗೆ ತಿರುಗತೊಡಗಿತು. ಲೀಡರ ಕಣ್ಣು ಹಾರ್ನಿನ ಮೇಲೆಯೇ ಇತ್ತು. ಅದು ಕಾಲುಭಾಗ ತಿರುಗಿದಾಗ, "ಬಿಳಿಯರು ಕೂತು ಯೋಚನೆ ಮಾಡಬೇಕು" ಅಂದರು. ಅರ್ಧ ತಿರುಗಿದಾಗ, "ಅವರಲ್ಲೂ ಒಳ್ಳೆಯವರಿದ್ದಾರೆ" ಅಂದರು. ಪೂರ್ತಿ ತಿರುಗಿದಾಗ, ನಮಗೆ ರೈಲು ತಂದವರು ಯಾರು, ಕರೆಂಟು ತಂದವರು ಯಾರು ಅಂತ ಜನರನ್ನೇ ಕೇಳಿದರು. ಜನ ಮುಖ ಮುಖ ನೋಡಿಕೊಂಡರು. ನಾನು ಗಳ ಹತ್ತಿ ಹಾರ್ನನ್ನು ಮತ್ತೆ ಲೈನ್ ಮನೆಗಳ ಕಡೆ ಎಳೆದು ಕಟ್ಟಿದೆ. ಕೂಡಲೇ ಬಿಳಿಯರು ಮತ್ತೆ ತೊಲಗಬೇಕಾಯಿತು.

ಸಭೆ ಮುಗಿದ ಮೇಲೆ ಅವ್ವ ಲೀಡರನ್ನು ಅಡ್ಡಗಟ್ಟಿ ಮಗಳ ವಿಷಯ ಕೇಳಿದಳು.

"ಸಿಲೋನ್ ಅಂದರೆ ಬೇರೆ ದೇಶ ಅವ್ವಾ. ನಮ್ಮ ಕೈಲಿಲ್ಲ" ಅಂದರು ಲೀಡರು.

"ಈಜಿಪ್ಟು ನಿಮ್ ಕೈಲೈತಾ ಸಾಮಿ?"

ಲೀಡರು ಕಾರು ಹತ್ತಿ ಹೋದರು. ಅವ್ವ ನಾನು ವೈರು ಸುತ್ತುವುದನ್ನೇ ನೋಡುತ್ತ ನಿಂತಿದ್ದು, "ಲೇ ಮೈಕು, ಗಾಳಿ ಇನ್ನೊಂದ್ ಚೂರು ಬೀಸಿದ್ರೆ ಆ ಕಾಲುವೇನ ಬಿಳಿಯರಿಗೇ ಬರ್ಕೊಟ್ಬಿಡ್ತಿದ್ದ ಕಣ್ಲಾ" ಅಂದಳು.

ಚಿನ್ನದೂರಿನ ಚಿನ್ನ

ಆಮೇಲೆ ಚೀನಾ ಯುದ್ಧ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಹಾಗೆ, ಗಡಿಯಲ್ಲಿ ಸೋಲುತ್ತಿರುವ ಸುದ್ದಿ ಬಂದಷ್ಟೂ ಇಲ್ಲಿ ಸಭೆಗಳು ಜಾಸ್ತಿಯಾದವು. ಬೆಂಗಳೂರಿನಿಂದ ಒಬ್ಬ ದೊಡ್ಡವರು ಯುದ್ಧದ ನಿಧಿಗೆ ಚಿನ್ನ ಕೇಳಲು ಬಂದರು. ಹೋದ ಊರಿನಲ್ಲೆಲ್ಲ ಹೆಂಗಸರು ಬಳೆ, ಓಲೆ ಬಿಚ್ಚಿ ಕೊಟ್ಟಿದ್ದರಂತೆ. ನಮ್ಮೂರಿಗೆ ಬಂದಾಗ ಅವರ ಮುಖ ಅರಳಿತ್ತು.

"ನೀವು ಚಿನ್ನದ ನೆಲದ ಮಕ್ಕಳು. ಬೇರೆಯವರೇ ಅಷ್ಟು ಕೊಟ್ಟಿರುವಾಗ ನೀವೆಷ್ಟು ಕೊಡಬಹುದು" ಅಂದರು.

ಸಭೆಯಲ್ಲಿ ಒಬ್ಬರೂ ಅಲುಗಲಿಲ್ಲ. ಪಾಪ, ಅವರಿಗೆ ನಮ್ಮೂರಿನ ಸಂಗತಿ ತಿಳಿಯದು. ಗಣಿಯ ಪಾತಾಳದಿಂದ ಮೇಲೆ ಬಂದ ಗಂಡಸನ್ನು ಚಿನ್ನ ಕದ್ದಾನೆಂದು ತಲೆಗೂದಲಿನವರೆಗೆ ತಡಕಿ ಹೊರಗೆ ಬಿಡುತ್ತಿದ್ದರು. ಮಗು ಬೀದಿಯಲ್ಲಿ ಹೊಳೆಯುವ ಕಲ್ಲು ಹಿಡಿದುಕೊಂಡು ಬಂದರೆ ತಾಯಿ ಎರಡೇಟು ಹಾಕಿ ಅದನ್ನು ಚರಂಡಿಗೆ ಎಸೆಯುತ್ತಿದ್ದಳು. ಹೆಂಗಸರ ಕೊರಳಲ್ಲಿದ್ದದ್ದು ಅರಿಶಿನದ ದಾರ, ದಾರದಲ್ಲಿ ಅರಿಶಿನದ ಕೊಂಬು. ಚಿನ್ನ ತೆಗೆಯುವ ಊರಿನಲ್ಲಿ ಚಿನ್ನ ಇಟ್ಟುಕೊಳ್ಳುವಷ್ಟು ಧೈರ್ಯ ಯಾರಿಗಿತ್ತು.

ಲೀಡರಿಗೆ ಮಾನ ಹೋಗುವ ಹೊತ್ತು. ಅವರು ವೇದಿಕೆಯಿಂದ ಇಳಿದು ಅವ್ವನ ಹತ್ತಿರ ಬಗ್ಗಿದರು. ಅವಳ ಮೂಗಿನಲ್ಲಿ ಗಸಗಸೆಯಷ್ಟು ಮೂಗುಬೊಟ್ಟು ಇತ್ತು.

"ಅವ್ವಾ, ಅದನ್ನ ಕೊಡು. ನಿನ್ನ ಮಗಳ ವಿಷಯ ಡೆಲ್ಲಿಯವರೆಗೆ ಮುಟ್ಟಿಸೋ ಜವಾಬ್ದಾರಿ ನಂದು."

ಅವ್ವ ಮೂಗುಬೊಟ್ಟು ತಿರುಗಿಸಿ ತೆಗೆದಳು. ಅದು ಅವಳ ಗಂಡ ಕೊಡಿಸಿದ್ದು. ದೊಡ್ಡವರು ಅವಳನ್ನು ವೇದಿಕೆಗೆ ಕರೆಸಿ, ಮೈಕಿನ ಮುಂದೆ ನಿಲ್ಲಿಸಿ, ಪ್ರೀತಿಯಿಂದಲೇ ಕೇಳಿದರು.

"ಈ ಚಿನ್ನ ಎಲ್ಲಿಂದ ಬಂತು ತಾಯಿ?"

ಕಂಬಕ್ಕೆ ಒರಗಿದ್ದ ಕಾನ್‌ಸ್ಟೇಬಲ್ ನೆಟ್ಟಗೆ ನಿಂತ. ಅವ್ವ ಎರಡೂ ಹಾರ್ನಿನಲ್ಲಿ ಕೇಳಿಸುವ ಹಾಗೆ, "ಬೂದಿಕೋಟೆ ಆಚಾರಿ ಮಾಡ್ಕೊಟ್ಟಿದ್ದು ಸಾಮಿ. ಗಣೀದಲ್ಲ, ಸತ್ಯವಾಗ್ಲೂ ಗಣೀದಲ್ಲ" ಅಂದಳು.

ಕೆಳಗಿಳಿದ ಮೇಲೆ ನಾನು, "ಗಂಡನ ಗುರುತು ಅಲ್ವಾ ಅವ್ವಾ, ಯಾಕೆ ಕೊಟ್ಟೆ?" ಅಂದೆ.

"ಕೊಟ್ರೆ ದೇಶಭಕ್ತಿ ಅಂತಾರೆ, ಇಟ್ಕೊಂಡ್ರೆ ಕಳ್ತನ ಅಂತಾರೆ" ಅಂದಳು. "ಮಗಳಾದ್ರೂ ಬರ್ಲಿ ಅಂತ ಕೊಟ್ಟೆ ಕಣ್ಲಾ. ನಂಗೇನು ಚೀನಾದೋರು ಗೊತ್ತಾ?"

ನೆಲ ನಡುಗಿದ್ದು

ಅದೇ ಸಭೆ ಅಲ್ಲಿಗೆ ಮುಗಿಯಲಿಲ್ಲ. ಒಂದು ಮೂಗುಬೊಟ್ಟು ಸಿಕ್ಕ ಹುರುಪಿನಲ್ಲಿ ದೊಡ್ಡವರು ಭಾಷಣವನ್ನು ಇನ್ನೂ ಮೇಲಕ್ಕೆ ಎತ್ತಿದರು. "ನಾವು ಒಂದು ಹೆಜ್ಜೆ ಇಟ್ಟರೆ ನೆಲ ನಡುಗಬೇಕು" ಅಂದರು.

ನೆಲ ನಡುಗಿತು.

ನಮ್ಮೂರಿನವರಿಗೆ ಅದು ಹೊಸದಲ್ಲ. ಪಾತಾಳದಲ್ಲಿ ಬಂಡೆ ಭಾರ ತಡೆಯಲಾರದೆ ಸಿಡಿಯುತ್ತದೆ. ಬರ್ಸ್ಟ್ ಆಯಿತು ಅನ್ನುತ್ತೇವೆ. ಮೇಲೆ ಮನೆಗಳಲ್ಲಿ ಪಾತ್ರೆ ಉರುಳುತ್ತವೆ, ಕೆಳಗೆ ಯಾರಿದ್ದರೋ ಅವರ ಗತಿ ದೇವರಿಗೆ ಗೊತ್ತು. ಸಭೆಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಎದ್ದರು. ಅರಚಾಟವಿಲ್ಲ, ಅಳುವಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಕ್ಕಳನ್ನು ಎತ್ತಿಕೊಂಡು, ಗಣಿಬಾಯಿಯ ಕಡೆ ನಡೆದರು. ಗಂಡಸರೂ ಹಿಂದೆ ಹೋದರು.

ದೊಡ್ಡವರ ಕಣ್ಣಲ್ಲಿ ನೀರು ಬಂತು. "ನೋಡಿದಿರಾ, ನಮ್ಮ ತಾಯಂದಿರು ಗಡಿಗೆ ಹೊರಟೇಬಿಟ್ಟರು" ಅಂದರು.

ಲೀಡರಿಗೆ ಎಲ್ಲ ಗೊತ್ತಿತ್ತು. ಬಾಯಿ ತೆರೆದು ಹೇಳಬಹುದಿತ್ತು. ಆದರೆ ಬೆಂಗಳೂರಿನ ಪೇಪರಿನವನು ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ. ಅವರು ಒಮ್ಮೆ ಅವನ ಪೆನ್ನು ನೋಡಿದರು, ಒಮ್ಮೆ ಹೋಗುತ್ತಿರುವ ಹೆಂಗಸರನ್ನು ನೋಡಿದರು, ಆಮೇಲೆ ಜೈಕಾರ ಹಾಕಿದರು. ನನಗೆ ಮೈ ಉರಿದು ಆಂಪ್ಲಿಫೈಯರ್ ಆರಿಸಿದೆ. ದೊಡ್ಡವರಿಗೆ ಅದೂ ತಿಳಿಯಲಿಲ್ಲ. ಖಾಲಿ ಮೈದಾನಕ್ಕೆ ಇನ್ನೂ ಸ್ವಲ್ಪ ಹೊತ್ತು ಚೀನಾ ವಿಷಯ ಹೇಳಿದರು.

ಅಂದು ಕೆಳಗಿದ್ದವರಲ್ಲಿ ಕೆಲವರು ಮೇಲೆ ಬರಲಿಲ್ಲ. ಮರುದಿನದ ಪೇಪರಿನಲ್ಲಿ ಚಿನ್ನದ ಊರಿನ ಮಹಿಳೆಯರು ಯುದ್ಧಕ್ಕೆ ಸಿದ್ಧ ಅಂತ ಮೊದಲ ಪುಟದಲ್ಲೇ ಹಾಕಿದ್ದರು. ಸತ್ತವರ ಸುದ್ದಿ ಸಿನಿಮಾ ಜಾಹೀರಾತಿನ ಕೆಳಗಿತ್ತು.

ಅಂದು ಗಣಿಬಾಯಿಗೆ ನಾನು ಓಡಿದಾಗ ಅವ್ವ ನನಗಿಂತ ಮುಂದೆ ಹೋಗುತ್ತಿದ್ದಳು. ಕಡ್ಲೆಕಾಯಿ ಬುಟ್ಟಿ ಸಭೆಯಲ್ಲೇ ಬಿಟ್ಟಿದ್ದಳು. "ಅವ್ವಾ, ನಿನ್ನ ಗಂಡ ಹೋಗಿ ಎಷ್ಟು ವರ್ಷ ಆಯ್ತು, ನೀನ್ಯಾಕೆ ಓಡ್ತೀಯ?" ಅಂದೆ.

"ನಂಗೊತ್ತು ಕಣ್ಲಾ" ಅಂದಳು ಏದುಸಿರು ಬಿಡುತ್ತ. "ಕಾಲಿಗೆ ಗೊತ್ತಿಲ್ವಲ್ಲ."

ಎರಡು ಊರು, ಒಂದು ಸಿಲೋನು

ಕೆಲ ಕಾಲ ಕಳೆದು ಸಿಲೋನಿನ ಜೊತೆ ಮಾತುಕತೆ ಶುರುವಾಗಿದೆ, ಅಲ್ಲಿಯ ತೋಟದ ಜನರನ್ನು ಯಾರು ಇಟ್ಟುಕೊಳ್ಳಬೇಕು ಅಂತ ಎರಡು ದೇಶದವರು ಕೂತು ತೀರ್ಮಾನ ಮಾಡುತ್ತಾರೆ ಎಂದು ಸುದ್ದಿ ಬಂತು. ಲೀಡರು ಒಂದೇ ದಿನ ಎರಡು ಸಭೆ ಇಟ್ಟರು. ಹಗಲು ಪಾಳಿ ಬಿಟ್ಟ ಮೇಲೆ ಉರಿಗಾಂನಲ್ಲಿ, ದೀಪ ಹಚ್ಚುವ ಹೊತ್ತಿಗೆ ಬಂಗಾರಪೇಟೆಯಲ್ಲಿ.

ಉರಿಗಾಂನಲ್ಲಿ ಮನೆಗೊಬ್ಬರು ನೆಂಟರು ಸಿಲೋನಿನಲ್ಲಿದ್ದರು. ಲೀಡರು ಕನ್ನಡದಲ್ಲಿ ಶುರುಮಾಡಿ ತಮಿಳಿಗೆ ಹೊರಳಿ ತೆಲುಗಿನಲ್ಲಿ ಅತ್ತರು. "ನಮ್ಮ ರಕ್ತ ನಮ್ಮ ಮನೆಗೆ ಬರಬೇಕು. ಒಬ್ಬರನ್ನೂ ಬಿಡಬಾರದು. ಈ ಅವ್ವನ ಮಗಳು ಬರೋ ದಿನ ನಾನೇ ಎದುರಿಗೆ ನಿಂತು ಹಾರ ಹಾಕಿ ಬರಮಾಡಿಕೊಳ್ತೀನಿ" ಅಂದರು. ಜನ ಚಪ್ಪಾಳೆ ತಟ್ಟಿದರು. ಅವ್ವನಿಗೆ ಅಂದು ಕಡ್ಲೆಕಾಯಿ ಅಳೆಯಲು ಕೈ ಓಡಲಿಲ್ಲ. ಬಂದವರಿಗೆಲ್ಲ ಹಿಡಿ ಹಿಡಿ ಹಾಕಿಕೊಟ್ಟಳು.

ಅಲ್ಲಿಂದ ಕಾರಿನ ಮೇಲೆ ಹಾರ್ನು ಕಟ್ಟಿಕೊಂಡು ಬಂಗಾರಪೇಟೆಗೆ ಹೊರಟೆವು. ಲೀಡರು ಖುಷಿಯಲ್ಲಿದ್ದರು, ಅವ್ವನಿಗೂ ಹಿಂದಿನ ಸೀಟಿನಲ್ಲಿ ಜಾಗ ಕೊಟ್ಟರು. ಅಲ್ಲಿ ಕಡ್ಲೆಕಾಯಿ ಮಾರಬೇಕಿತ್ತಲ್ಲ.

ಬಂಗಾರಪೇಟೆಯಲ್ಲಿ ಸೇರಿದ್ದವರು ಬೇರೆ ಜನ. ಮಂಡಿಯ ಹಮಾಲರು, ಕಾಮಸಮುದ್ರ ಬೂದಿಕೋಟೆ ಕಡೆಯ ಬೇಸಾಯದವರು. ಮಗನಿಗೆ ಗಣಿಯಲ್ಲಿ ಒಂದು ಕೆಲಸ ಸಿಕ್ಕರೆ ಸಾಕು ಅಂತ ವರ್ಷಗಟ್ಟಲೆ ಕಾದವರು. ಗಣಿಯಲ್ಲಿ ಚಿನ್ನ ತೀರುತ್ತಿದೆ ಅನ್ನುವ ಮಾತು ಆಗಲೇ ಎದ್ದಿತ್ತು. ಅದೇ ಮೈಕು, ಅದೇ ಹಾರ್ನು, ಅದೇ ಲೀಡರು.

"ನಮ್ಮ ಮಕ್ಕಳಿಗೇ ಕೆಲಸವಿಲ್ಲ" ಅಂದರು. "ಹಡಗುಗಟ್ಟಲೆ ಜನರನ್ನ ತಂದು ಇಲ್ಲಿ ಇಳಿಸಿದರೆ ನಾವೆಲ್ಲಿಗೆ ಹೋಗೋಣ? ನನ್ನ ಮೈಯಲ್ಲಿ ಜೀವ ಇರೋವರೆಗೂ ಸಿಲೋನಿನ ಒಬ್ಬೇ ಒಬ್ಬರು..."

ಅಷ್ಟರಲ್ಲಿ ವೇದಿಕೆಯ ಕೆಳಗೆ ಬುಟ್ಟಿ ಹಿಡಿದು ನಿಂತಿದ್ದ ಅವ್ವ ಕಣ್ಣಿಗೆ ಬಿದ್ದಳು. ಬಾಯಿಗೆ ಬಂದ ಮಾತು ನುಂಗುವ ಹಾಗಿಲ್ಲ, ಜನ ಕಾಯುತ್ತಿದ್ದಾರೆ. ಲೀಡರು ಒಂದು ಸಲ ಗಂಟಲು ಸರಿಮಾಡಿಕೊಂಡು, "ಒಬ್ಬೇ ಒಬ್ಬರು ಬಂಗಾರಪೇಟೆ ಪ್ಲಾಟ್‌ಫಾರ್ಮಿನ ಮೇಲೆ ಕಾಲಿಡೋದಿಲ್ಲ" ಅಂತ ಮುಗಿಸಿದರು. ಇಲ್ಲಿನ ಚಪ್ಪಾಳೆ ಉರಿಗಾಂನದಕ್ಕಿಂತ ಜೋರಾಗಿತ್ತು.

ಹಿಂತಿರುಗಿ ಬರುವಾಗ ಕಾರಿನಲ್ಲಿ ಅವ್ವ ಕೇಳಿದಳು. "ಅಲ್ಲಿ ಆರ ಆಕ್ತೀನಿ ಅಂದ್ರಿ. ಇಲ್ಲಿ ಕಾಲಿಡಾಕ್ ಬಿಡಲ್ಲ ಅಂದ್ರಿ. ನನ್ ಮಗಳು ಬರ್ಬೇಕಾ ಬ್ಯಾಡ್ವಾ ಸಾಮಿ?"

ಲೀಡರಿಗೆ ಕೋಪ ಬರಲಿಲ್ಲ. ಅವರು ಕೆಟ್ಟವರಲ್ಲ, ಅದೇ ಕಷ್ಟ. ಸಮಾಧಾನವಾಗಿ ಹೇಳಿದರು. "ನೋಡವ್ವಾ, ನನಗೆ ಸಿಲೋನಿನಲ್ಲಿ ಓಟಿಲ್ಲ. ಉರಿಗಾಂನಲ್ಲಿದೆ, ಬಂಗಾರಪೇಟೆಯಲ್ಲಿದೆ. ಡೆಲ್ಲಿಯವರದ್ದೂ ಇದೇ ಪಾಡು, ಕೊಲಂಬೋದವರದ್ದೂ ಇದೇ ಪಾಡು. ಮೇಜಿನ ಆಚೆ ಈಚೆ ಎದುರುಬದುರು ಕೂತಿರ್ತಾರೆ ಅಷ್ಟೆ. ಮುಖ ಮಾತ್ರ ಅವರವರ ಊರಿನ ಕಡೆಗೇ ಇರುತ್ತೆ."

"ನನ್ ಮಗಳ ಕಡೆ ಯಾರ ಮುಖ ಐತೆ?"

ಲೀಡರು ಹಿಂದಕ್ಕೆ ಕೈ ಚಾಚಿ ಬುಟ್ಟಿಯಿಂದ ಒಂದು ಹಿಡಿ ಕಡ್ಲೆಕಾಯಿ ತೆಗೆದುಕೊಂಡು, ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡರು.

"ಉಪ್ಪು ಹದವಾಗಿದೆ ಅವ್ವಾ" ಅಂದರು.

ಅರ್ಧ

ಒಂದು ದಿನ ಸಭೆಯ ವಿಷಯ ಮಾತಾಡಲು ಮಂಡಿಗೆ ಹೋಗಿದ್ದೆ. ಅವ್ವನೂ ಬಂದು ಹುಣಸೆಹಣ್ಣಿನ ಚೀಲಗಳ ಪಕ್ಕ ಕೂತಿದ್ದಳು. ಆಗ ಪಕ್ಷದ ಮೇಲಿನವರಿಂದ ಟ್ರಂಕ್ ಕಾಲ್ ಬಂತು. ನಮಗೆ ಲೀಡರ ಮಾತು ಮಾತ್ರ ಕೇಳಿಸುತ್ತಿತ್ತು.

"ಸಿಲೋನ್ ಬಗ್ಗೆ ಜನ ಏನಂತಾರೆ ಅಂತಲಾ ಸಾರ್? ಯಾವ ಜನ ಸಾರ್, ಉರಿಗಾಂನವರಾ ಬಂಗಾರಪೇಟೆಯವರಾ?... ಎರಡು ಕಡೇನೂ ಸರಿಸಮ ಸಾರ್... ಎಲ್ಲರನ್ನೂ ಕರೆಸಿದರೆ ಇಲ್ಲಿ ಓಟು ಹೋಯ್ತು, ಯಾರನ್ನೂ ಕರೆಸದಿದ್ದರೆ ಅಲ್ಲಿ ಹೋಯ್ತು... ಹಾಗಾದರೆ ಅರ್ಧ ಜನ ಬರಲಿ ಅನ್ನಿ ಸಾರ್."

ಇವರ ಮಾತು ಕೇಳಿಯೇ ಹಾಗಾಯಿತು ಅಂತ ನಾನು ಹೇಳುವುದಿಲ್ಲ. ಊರೂರಿನಿಂದ ಇಂಥ ಮಾತು ಹೋಗಿರಬೇಕು. ಅಂತೂ ಒಪ್ಪಂದವಾದಾಗ ಇಷ್ಟು ಜನ ನಿಮಗೆ, ಇಷ್ಟು ಜನ ನಮಗೆ, ಮಿಕ್ಕವರ ಮಾತು ಆಮೇಲೆ ಅಂತ ರಾಗಿ ಮೂಟೆ ಹಂಚಿಕೊಂಡ ಹಾಗೆ ಹಂಚಿಕೊಂಡಿದ್ದರು.

ಅಂದು ಮಂಡಿಯಲ್ಲಿ ಅವ್ವ, "ಅರ್ಧ ಅಂದ್ರೆ ನನ್ ಮಗಳು ಯಾವ ಅರ್ಧ ಸಾಮಿ?" ಅಂತ ಕೇಳಿದ್ದಕ್ಕೆ ಲೀಡರು, "ಎಲೆಕ್ಷನ್ ಮುಗೀಲಿ ಅವ್ವಾ, ನೋಡೋಣ" ಅಂದರು. ಇಲ್ಲಿ ಎಲೆಕ್ಷನ್ ಮುಗಿಯಿತು. ಆಗ ಅಲ್ಲಿ ಎಲೆಕ್ಷನ್ ಅಂದರು. ಅದು ಮುಗಿಯುವಾಗ ಇಲ್ಲಿ ಮತ್ತೆ ಬಂತು. ಅವ್ವನ ತಲೆ ಪೂರ್ತಿ ಬೆಳ್ಳಗಾಯಿತು, ಬುಟ್ಟಿ ಎತ್ತಲು ನನ್ನನ್ನು ಕೂಗುವಂತಾದಳು.

"ಎರಡು ದೇಶ್ದಾಗೂ ಒಂದೇ ದಿನ ಯಾರಿಗೂ ಓಟು ಬ್ಯಾಡಾಗಿರ್ಬೇಕು ಕಣ್ಲಾ" ಅಂದಳು ಒಮ್ಮೆ. "ಅವತ್ತು ಬತ್ತಾಳೆ ನನ್ ಮಗಳು."

ಇಳಿಯದೆ ಬಂದವಳು

ಕೊನೆಗೆ ಬಂದಳು. ಆದರೆ ಓಟು ಯಾರಿಗೂ ಬೇಡವಾದ ದಿನವೇನಲ್ಲ. ಅದೇ ತಿಂಗಳು ಬಂಗಾರಪೇಟೆಯ ಪುರಸಭೆ ಎಲೆಕ್ಷನ್ನಿಗೆ ಲೀಡರ ಭಾಮೈದ ನಿಂತಿದ್ದ. ಉರಿಗಾಂನ ಯೂನಿಯನ್ ಎಲೆಕ್ಷನ್ನಿಗೆ ಅವರ ಕಡೆಯವರು ನಿಂತಿದ್ದರು. ಇಂಥ ದಿನ ಮದರಾಸಿನ ಕಡೆಯ ರೈಲಿನಲ್ಲಿ ಬರುತ್ತಾಳೆ ಅಂತ ಲೀಡರೇ ಅವ್ವನಿಗೆ ಹೇಳಿ ಕಳಿಸಿದರು.

ಈಗ ನೋಡಿ ಪೇಚು. ಆ ರೈಲು ಉರಿಗಾಂಗೆ ಬರುವುದಿಲ್ಲ. ಬಂಗಾರಪೇಟೆಯಲ್ಲಿ ಇಳಿದು ಗಣಿಯ ಕಡೆಯ ಸಣ್ಣ ರೈಲು ಹತ್ತಬೇಕು. ಉರಿಗಾಂನವರಿಗೆ ಹಾರ ಹಾಕುತ್ತೇನೆ ಅಂದಿದ್ದಾರೆ. ಬಂಗಾರಪೇಟೆಯವರಿಗೆ ಪ್ಲಾಟ್‌ಫಾರ್ಮ್ ಮುಟ್ಟಲು ಬಿಡುವುದಿಲ್ಲ ಅಂದಿದ್ದಾರೆ. ಎರಡು ಕಡೆಯವರೂ ಆ ಮಾತು ಮರೆತಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನನಗೆ ಉರಿಗಾಂ ಸ್ಟೇಷನ್ನಿನಲ್ಲಿ ಮೈಕು ಕಟ್ಟಲು ಹೇಳಿದ್ದರು. ಕಟ್ಟಿ ಕಾದೆ. ಸಣ್ಣ ರೈಲು ಬಂತು. ಲೀಡರ ಕಡೆಯ ಇಬ್ಬರು ಹುಡುಗರ ನಡುವೆ ಒಬ್ಬ ಹೆಂಗಸು ಇಳಿದಳು. ಕಂಕುಳಲ್ಲಿ ಹೆಣ್ಣು ಮಗು, ಕೈಯಲ್ಲಿ ತಗಡಿನ ಟ್ರಂಕು, ಎರಡೂ ಮೊಣಕಾಲಿನ ಹತ್ತಿರ ಸೀರೆ ಹರಿದು ರಕ್ತ. ಲೀಡರು ಹಾರ ಹಾಕಿ, ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ ಅಂತ ಭಾಷಣ ಮಾಡಿ, "ಎರಡು ಮಾತಾಡಮ್ಮ" ಅಂತ ಮೈಕನ್ನು ಅವಳ ಮುಂದೆ ಹಿಡಿದರು.

ಅವಳು ಜನರನ್ನೆಲ್ಲ ಒಂದು ಸುತ್ತು ನೋಡಿದಳು. "ನಮ್ಮಮ್ಮ ಎಲ್ಲವ್ಳೆ?" ಅಂದಳು.

ಆಗಲೇ ನನಗೂ ಹೊಳೆದದ್ದು. ಅವ್ವ ಅಲ್ಲಿರಲಿಲ್ಲ. ಲೀಡರು ಕೂಡಲೇ ಮೈಕು ಕಿತ್ತುಕೊಂಡು, "ಕೇಳಿದಿರಾ, ತಾಯಿ ಎಲ್ಲಿ ಅಂತ ಕೇಳ್ತಾಳೆ. ಭಾರತಮಾತೆಯ ಮಡಿಲಿನಲ್ಲೇ ನಿಂತಿದ್ದೀಯಲ್ಲಮ್ಮ" ಅಂದರು. ಚಪ್ಪಾಳೆ ಬಿತ್ತು.

ಅವ್ವ ಬಂಗಾರಪೇಟೆಯ ಪ್ಲಾಟ್‌ಫಾರ್ಮಿನಲ್ಲಿದ್ದಳು. ಮಗಳು ಅಲ್ಲಿ ಇಳಿಯದೆ ಇನ್ನೆಲ್ಲಿ ಇಳಿದಾಳು ಅಂತ ಬೆಳಿಗ್ಗೆಯೇ ಹೋಗಿದ್ದಳು. ಲೀಡರು ಮಾಡಿದ ಏರ್ಪಾಡನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತಲ್ಲ. ಏರ್ಪಾಡು ಇಷ್ಟೆ. ದೊಡ್ಡ ರೈಲು ನಿಂತ ಕೂಡಲೆ ಮಗಳನ್ನು ಪ್ಲಾಟ್‌ಫಾರ್ಮ್ ಇಲ್ಲದ ಆ ಕಡೆಯ ಬಾಗಿಲಿನಿಂದ ಹಳಿಯ ಜಲ್ಲಿಯ ಮೇಲೆ ಇಳಿಸುವುದು. ಪಕ್ಕದ ಹಳಿಯಲ್ಲಿ ನಿಂತಿರುವ ಸಣ್ಣ ರೈಲಿಗೆ ಹಾಗೇ ಕೆಳಗಿನಿಂದ ಹತ್ತಿಸುವುದು. ಅವಳು ಮಗುವನ್ನು ಎತ್ತಿಕೊಂಡೇ ಜಲ್ಲಿಯ ಮೇಲೆ ಬಿದ್ದಿದ್ದಳು. ಈ ಕಡೆ ಸ್ಟೇಷನ್ನಿನ ಹೊರಗೆ ಅದೇ ಹೊತ್ತಿಗೆ ಭಾಮೈದ, ನಮ್ಮ ಭಾವ ಹೇಳಿದ ಹಾಗೆ ಒಬ್ಬರೂ ಪ್ಲಾಟ್‌ಫಾರ್ಮ್ ಮುಟ್ಟಲಿಲ್ಲ ನೋಡಿ ಅಂತ ಭಾಷಣ ಮಾಡುತ್ತಿದ್ದ. ಅವ್ವ ಅದನ್ನೂ ಕೇಳಿಸಿಕೊಂಡಳು. ಮಗಳನ್ನು ಕಳಿಸಲಿಲ್ಲ ಅಂದುಕೊಂಡಳು.

ನಾನು ಟ್ರಂಕು ಹೊತ್ತು ಮಗಳನ್ನು ಅವ್ವನ ಮನೆಗೆ ಕರೆದುಕೊಂಡು ಹೋದೆ. ಬೀಗ ಹಾಕಿತ್ತು. ಅವಳು ಟ್ರಂಕಿನ ಮೇಲೆ ಕೂತಳು. ಹಾರ ಇನ್ನೂ ಕೊರಳಲ್ಲೇ ಇತ್ತು, ತೆಗೆಯಬಹುದು ಅಂತ ಯಾರೂ ಅವಳಿಗೆ ಹೇಳಿರಲಿಲ್ಲ. ನಾನು ಹಾರ್ನುಗಳನ್ನು ಅಲ್ಲೇ ಜಗುಲಿಗೆ ಒರಗಿಸಿ ಪಕ್ಕದ ಮನೆಯಿಂದ ನೀರು ತಂದುಕೊಟ್ಟೆ.

ಸಂಜೆಯ ರೈಲಿಗೆ ಅವ್ವ ಬಂದಳು. ಕೈಯಲ್ಲಿ ಕನಕಾಂಬರದ ಹಾರ ಬಾಡಿ ಜೋತುಬಿದ್ದಿತ್ತು. ಬಾಗಿಲಲ್ಲಿ ಕೂತವಳನ್ನು ನೋಡಿ ಬೀದಿಯಲ್ಲೇ ನಿಂತುಬಿಟ್ಟಳು. ಹತ್ತಿರ ಬಂದು ಮೊದಲು ಮುಖ ಮುಟ್ಟಿದಳು, ಆಮೇಲೆ ಮಗುವನ್ನು, ಆಮೇಲೆ ಮೊಣಕಾಲನ್ನು.

"ಎಲ್ಲೆ ಇಳ್ದೆ? ನಾನು ಒಂದೊಂದ್ ಡಬ್ಬೀನೂ ಇಣುಕಿ ನೋಡ್ದೆ."

"ಎಲ್ಲೂ ಇಳೀಲಿಲ್ಲಮ್ಮ" ಅಂದಳು ಮಗಳು. "ಆ ಕಡೆಯಿಂದ ತಳ್ಳಿದ್ರು."

ನಾನು ಲೀಡರ ಏರ್ಪಾಡನ್ನು ಬಿಡಿಸಿ ಹೇಳಿದೆ. ಎರಡು ಊರಿಗೂ ಕೊಟ್ಟ ಮಾತು ಉಳಿಯಿತು ಅಂದೆ. ಅವ್ವ ಸುತ್ತ ಒಮ್ಮೆ ನೋಡಿದಳು.

"ಅಳಿಯ ಎಲ್ಲೆ?"

ಮಗಳು ತಲೆ ತಗ್ಗಿಸಿದಳು. "ಅಲ್ಲೇ ಉಳ್ಕೊಂಡ್ರಮ್ಮ. ಉಳಿಸ್ಕೊಂಡ್ರು" ಅಂದಳು. "ಅಲ್ಲೂ ಒಬ್ಬ ಲೀಡರು ಅವ್ನೆ. ಪೇಟೇಲಿ ಭಾಷಣ ಮಾಡ್ದಾಗ, ಈ ತೋಟದೋರ್ನೆಲ್ಲ ಅವ್ರೂರಿಗೆ ಅಡಗು ಅತ್ತುಸ್ತೀನಿ ಅಂದ. ತೋಟದ ದೊರೆಗಳ ಮುಂದೆ ಭಾಷಣ ಮಾಡ್ದಾಗ, ನಿಮ್ಗೆ ಆಳು ಕಮ್ಮಿ ಆಗಾಕ್ ಬಿಡಲ್ಲ ಅಂದ. ಇಬ್ರಿಗೂ ಮಾತು ಕೊಟ್ಟಿದ್ನಲ್ಲ. ನನ್ನೂ ಮಗೂನೂ ಕಳುಸ್ದ, ಅವ್ರುನ್ನ ಇಟ್ಕೊಂಡ."

ಅವ್ವ ಕನಕಾಂಬರದ ಹಾರವನ್ನು ಹರಿದು ಒಂದು ತುಂಡನ್ನು ಮೊಮ್ಮಗಳ ತಲೆಗೆ ಮುಡಿಸಿದಳು. ಆಮೇಲೆ ಜಗುಲಿಗೆ ಒರಗಿಸಿದ್ದ ನನ್ನ ಎರಡು ಹಾರ್ನುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮಗಳನ್ನು ಕೇಳಿದಳು.

"ಅಲ್ಲೂ ಮೈಕ್ ಸೆಟ್ಟು ಬಾಡಿಗೆಗೆ ಸಿಗ್ತದೇನೆ?"

"ಸಿಗ್ತದಮ್ಮ" ಅಂದಳು ಮಗಳು. "ಆರ್ನು ಇದುಕ್ಕಿಂತ ದೊಡ್ಡವು."